ಎರಡು ಚಮಚ ಅರಿಷ್ಟ

ಬಕೆಟ್ ನೀರು, ಮೋಟು ಪೊರಕೆ, ಹಳೆಯ ಬನಿಯನ್ನಿನ ತುಂಡು ಹಿಡಿದು ವಿಶಾಲಾಕ್ಷಮ್ಮ ಅಂಗಳಕ್ಕಿಳಿದಾಗ ಅಲ್ಲಿ ವ್ಯಾನ್ ಇರಲಿಲ್ಲ. ಅದು ನಿಲ್ಲುವ ಜಾಗದಲ್ಲಿ ಎಣ್ಣೆ ಸೋರಿದ ಕಲೆಯಿತ್ತು. ಕಲೆಯ ಮೇಲೆ ಪಕ್ಕದ ಮನೆಯ ಕೋಳಿ ನಿಂತು ನೆಲ ಕೆರೆಯುತ್ತಿತ್ತು.

ದಿನಾ ಬೆಳಿಗ್ಗೆ ವ್ಯಾನಿನೊಳಗೆ ಗುಡಿಸುವುದು ಅವರ ಕೆಲಸ. ಸೀಟಿನ ಸಂದಿಯಿಂದ ಬಿಸ್ಕತ್ತಿನ ಚೂರು, ಪೆನ್ಸಿಲ್ ಹೆರೆದ ಸಿಪ್ಪೆ, ಒಮ್ಮೊಮ್ಮೆ ಯಾವುದೋ ಮಗುವಿನ ಒಂಟಿ ಕಾಲುಚೀಲ ಸಿಗುತ್ತಿತ್ತು. ಗಾಜು ಒರೆಸಿ ಅದರ ಮೂಲೆಗೊಂದು ವಿಭೂತಿ ಎಳೆದ ಮೇಲೆಯೇ ಹಿರಿಯ ಮಗ ರೇಣುಕಪ್ರಸಾದ್ ಬಂದು ವ್ಯಾನ್ ಸ್ಟಾರ್ಟ್ ಮಾಡುತ್ತಿದ್ದ. ಸುತ್ತಲಿನ ಮಕ್ಕಳನ್ನು ತುಂಬಿಕೊಂಡು ಸೋಮವಾರಪೇಟೆಯ ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಿದ್ದ. ಆ ಮನೆಯ ಜೀವನ ನಡೆಯುತ್ತಿದ್ದದ್ದು ಅದರಿಂದಲೇ.

ಕಿರಿಯ ಮಗ ನಿರಂಜನ್ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ.

"ವ್ಯಾನೆಲ್ಲೋ?"

ಅವನು ನೊರೆ ಉಗಿದ. "ಸ್ಟೇಷನ್ನಲ್ಲಿ."

"ಯಾವ ಸ್ಟೇಷನ್ನು?"

"ನಮ್ಮ ಕೊಡಗಲ್ಲಿ ರೈಲೆಲ್ಲಿದೆಯಮ್ಮ? ಪೊಲೀಸ್ ಸ್ಟೇಷನ್."

ಹಿಂದಿನ ದಿನ ಭಾನುವಾರ ಪ್ರಸಾದ್ ಮಗಳು ಐಶ್ವರ್ಯಳನ್ನು ಕರೆದುಕೊಂಡು ಮಾದಾಪುರದ ಕಡೆ ಗೆಳೆಯ ಬೋಜಪ್ಪನ ಮನೆಗೆ ಹೋಗಿದ್ದ. ಬೋಜಪ್ಪನ ಮಗಳ ಮದುವೆ ನಿಶ್ಚಯ ಇತ್ತು. ಬರುವಾಗ ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದಿದ್ದರು. ಬಾಯಿಗೆ ಯಂತ್ರ ಕೊಟ್ಟು ಊದಿಸಿದ್ದರು. ಆಮೇಲೆ ಫೋನ್ ಬಂದು ನಿರಂಜನ್ ಆಟೋ ಮಾಡಿಕೊಂಡು ಹೋಗಿ ಅಣ್ಣನನ್ನೂ ಮಗುವನ್ನೂ ಕರೆತಂದಿದ್ದ. ಕತ್ತಲಾಗುತ್ತಲೇ ಮಲಗುವ ಅತ್ತೆ ಮಾವನನ್ನು ಎಬ್ಬಿಸುವುದು ಬೇಡವೆಂದು ಸೊಸೆ ವೀಣಾ ಹೇಳಿದ್ದಳು.

"ಊದಿದ್ರೆ ಏನಾಯ್ತಂತೆ?" ಎಂದರು ವಿಶಾಲಾಕ್ಷಮ್ಮ.

"ಕುಡಿದಿದ್ದಾನೆ ಅಂತ ಬಂತು."

ಅವರು ಬಕೆಟ್ ಕೆಳಗಿಟ್ಟರು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಮದ್ಯ ಮುಟ್ಟಿದವರಲ್ಲ. ಗಂಡಸರು ಹೆಂಗಸರೆನ್ನದೆ ಎಲ್ಲರ ಕೊರಳಲ್ಲೂ ಲಿಂಗದ ಕರಡಿಗೆ. ಆ ವಾಸನೆ ಹೇಗಿರುತ್ತದೆಂದು ವಿಶಾಲಾಕ್ಷಮ್ಮನಿಗೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಂದ ಮಾತ್ರ ಗೊತ್ತಿತ್ತು.

"ಅಯ್ಯೋ, ನಿನ್ನೆ ಹೊರಡುವಾಗ ಕೆಮ್ಮಿಗೆ ಅಂತ ನಾನೇ ಎರಡು ಚಮಚ ಅರಿಷ್ಟ ಕೊಟ್ಟಿದ್ದೆನಲ್ಲೋ."

ನಿರಂಜನ್ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಅವರನ್ನು ನೋಡಿದ. ಪ್ರಸಾದ್ ಆಗ ಬಾಗಿಲಿಗೆ ಬಂದಿದ್ದ. ಕಣ್ಣು ಊದಿಕೊಂಡಿತ್ತು.

"ಅದೇ ಕಣೋ ಪ್ರಸಾದ, ಅದೇ ಹಿಡಿದಿರೋದು ಮಿಷಿನ್ನು. ನನ್ನ ಕೈಯಾರೆ ಹಿಂಗಾಯ್ತು ನೋಡು."

ಪ್ರಸಾದ್ ತಮ್ಮನ ಮುಖ ನೋಡಿದ, ತಾಯಿಯ ಮುಖ ನೋಡಿದ. "ಹ್ಞೂಂ, ಅದೇ ಇರ್ಬೇಕು" ಎಂದು ಚಪ್ಪಲಿ ಹುಡುಕಿದ.

"ಮಗು ಹೆದರಿತಾ?"

"ಹಿಂದೆ ಮಲಗಿದ್ಲು. ಅವಳಿಗೇನೂ ಗೊತ್ತಿಲ್ಲ."

ಒಳಗೆ ವೀಣಾ ಫೋನಿನಲ್ಲಿ ಒಬ್ಬೊಬ್ಬ ತಾಯಿಗೂ ವ್ಯಾನ್ ರಿಪೇರಿಗೆ ಹೋಗಿದೆಯೆಂದು ಹೇಳುತ್ತಿದ್ದಳು. ಐಶ್ವರ್ಯ ಯೂನಿಫಾರ್ಮ್ ಹಾಕಿಕೊಂಡು, ಅಕ್ಕಿರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಿದ್ದಳು. ಆ ದಿನ ಅವಳು ಅಮ್ಮನ ಜೊತೆ ಬಸ್ಸಿನಲ್ಲಿ ಹೋದಳು. ವೀಣಾ ಪೇಟೆಯ ಮೆಡಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

ವಿಶಾಲಾಕ್ಷಮ್ಮನ ಅರಿಷ್ಟ ಎಂದರೆ ಬೀದಿಗೆಲ್ಲ ಗೊತ್ತು. ಒಣದ್ರಾಕ್ಷಿ, ಬೆಲ್ಲ, ಲವಂಗ, ಏಲಕ್ಕಿ, ಇನ್ನೂ ಏನೇನೋ ಬೇರು ಹಾಕಿ, ಪಿಂಗಾಣಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ ಅಟ್ಟದ ಮೇಲಿಡುತ್ತಿದ್ದರು. ತಿಂಗಳು ಕಳೆದು ಸೋಸಿದರೆ ಆಯಿತು. ಬಾಣಂತಿಗೆ, ಕೆಮ್ಮಿಗೆ, ಹಸಿವಿಲ್ಲದ ಮಕ್ಕಳಿಗೆ ಅದೇ ಮದ್ದು. ಕೇಳಿ ಬಂದವರಿಗೆ ಇಲ್ಲವೆಂದದ್ದಿಲ್ಲ.

ಆ ವಾರ ಅವರು ಹಾಲಿನವಳಿಗೆ, ಎದುರು ಮನೆಯವರಿಗೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ, ಎಲ್ಲರಿಗೂ ಹೇಳಿದರು. "ನಮ್ಮ ಹುಡುಗ ಕುಡಿಯೋನಲ್ಲ. ನನ್ನ ಅರಿಷ್ಟದ್ದೇ ತಪ್ಪು. ಈ ಸಲ ಸ್ವಲ್ಪ ಜೋರಾಗೇ ಆಗಿತ್ತು."

ಕೇಳಿದವರು ತಲೆದೂಗಿದರು. ಎದುರು ಮನೆಯಾಕೆ ಮಾತ್ರ, "ಹಂಗಾದ್ರೆ ನನಗೂ ಒಂದು ಬಾಟ್ಲಿ ಎತ್ತಿಡಿ ವಿಶಾಲಾಕ್ಷಮ್ಮ, ನಮ್ಮ ಯಜಮಾನ್ರು ಪೇಟೆಗೆ ಹೋಗೋದು ತಪ್ಪುತ್ತೆ" ಅಂದಳು. ವಿಶಾಲಾಕ್ಷಮ್ಮ ನಗಲಿಲ್ಲ.

ವಕೀಲ ಕೀರ್ತಿಕುಮಾರ್ ದೂರದ ಸಂಬಂಧದಲ್ಲಿ ಮಗನಾಗಬೇಕು. ಗುರುವಾರ ಮನೆಗೇ ಬಂದ. ಮೊದಲು ಊಟ ಆಗಲಿ ಎಂದು ಮಲ್ಲಪ್ಪನವರು ಎಲೆ ಹಾಕಿಸಿದರು. ಮಲ್ಲಪ್ಪ ಈ ಮನೆಯ ಯಜಮಾನರು, ಹೆಚ್ಚು ಮಾತಿನವರಲ್ಲ. ಕೀರ್ತಿಕುಮಾರ್ ಮಜ್ಜಿಗೆ ಕುಡಿದು ವಿಷಯಕ್ಕೆ ಬಂದ.

"ದೊಡ್ಡಪ್ಪ, ಎರಡು ದಾರಿ ಇದೆ. ತಪ್ಪಾಯ್ತು ಅಂತ ಒಪ್ಪಿಕೊಂಡ್ರೆ ದಂಡ ಕಟ್ಟಿ ಅವತ್ತೇ ಮನೆಗೆ ಬರಬಹುದು. ಲೈಸೆನ್ಸ್ ಆರು ತಿಂಗಳು ಹೋಗಬಹುದು, ಆಮೇಲೆ ಬರುತ್ತೆ. ಎಲ್ಲರೂ ಮಾಡೋದು ಅದನ್ನೇ."

"ಎಲ್ಲರೂ ಅಂದ್ರೆ ಯಾರು?"

"ಕುಡಿದು ಸಿಕ್ಕಿಬಿದ್ದೋರು."

"ನನ್ನ ಮಗ ಆ ಸಾಲಿನವನಲ್ಲ."

ಪ್ರಸಾದ್ ಎಲೆಯ ಮೇಲೆ ಬೆರಳಾಡಿಸುತ್ತಿದ್ದ. "ಒಪ್ಕೊಂಡುಬಿಡ್ತೀನಿ ಅಪ್ಪ. ಮುಗಿದುಹೋಗ್ಲಿ" ಎಂದ.

"ಏನಂತ ಒಪ್ಕೋತೀಯ? ಕೊರಳಲ್ಲಿ ಕರಡಿಗೆ ಕಟ್ಕೊಂಡು ಕಟಕಟೇಲಿ ನಿಂತು, ಕುಡಿದಿದ್ದೆ ಸ್ವಾಮಿ ಅಂತೀಯ? ನಾಡಿದ್ದು ನಿರಂಜನನಿಗೆ ಹೆಣ್ಣು ಕೇಳೋಕೆ ಹೋದಾಗ ನಾನು ಮುಖ ಎಲ್ಲಿಟ್ಕೊಳ್ಳಲಿ?"

"ಕುಡಿದಿದ್ರೆ ತಾನೇ ಒಪ್ಪಿಕೊಳ್ಳೋದು?" ಎಂದು ವಿಶಾಲಾಕ್ಷಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. "ನಾನು ಕೊಟ್ಟ ಔಷಧಿ ಅದು. ಯಾವ ನ್ಯಾಯಾಧೀಶರ ಮುಂದೆ ಬೇಕಾದ್ರೂ ಹೇಳ್ತೀನಿ."

ಕೀರ್ತಿಕುಮಾರ್ ಅವರ ಕಡೆ ತಿರುಗಿದ. "ಎಷ್ಟು ಕೊಟ್ರಿ ದೊಡ್ಡಮ್ಮ?"

"ಎರಡು ಚಮಚ."

"ಬೆಳಿಗ್ಗೆಯಾ?"

"ಹೊರಡೋ ಹೊತ್ತಿಗೆ. ಹನ್ನೊಂದಾಗಿತ್ತೇನೋ."

ಅವನು ಕೈ ತೊಳೆಯಲು ಎದ್ದ. ಹಿತ್ತಲಿಗೆ ಹೋಗುವಾಗ ಪ್ರಸಾದನ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳಿದ. ಪ್ರಸಾದ್ ಏನೋ ಹೇಳಿದ. ವಿಶಾಲಾಕ್ಷಮ್ಮ ಕೀರ್ತಿಕುಮಾರನ ಎಲೆ ಎತ್ತುತ್ತಿದ್ದರಿಂದ ಕೇಳಿಸಲಿಲ್ಲ. ಹಿಂದಿರುಗಿ ಬಂದ ಕೀರ್ತಿಕುಮಾರ್, "ಹೋರಾಡೋಣ ದೊಡ್ಡಪ್ಪ" ಎಂದ. ಮಲ್ಲಪ್ಪನವರು ಆ ವಾರದಲ್ಲಿ ಮೊದಲ ಬಾರಿಗೆ ಎರಡನೆಯ ಸಲ ಅನ್ನ ಬಡಿಸಿಕೊಂಡರು.

ವ್ಯಾನ್ ಬಿಡಿಸಿ ತಂದರು. ಆದರೆ ಶಾಲೆಯ ಮೇಡಂ, ಕೇಸು ಇತ್ಯರ್ಥವಾಗುವ ತನಕ ಪ್ರಸಾದ್ ಓಡಿಸುವ ಹಾಗಿಲ್ಲ ಎಂದರು. ತಪ್ಪಿಲ್ಲವೆಂದು ತೀರ್ಪು ಬಂದರೆ ಮತ್ತೆ ಕರೆಯುತ್ತೇವೆ, ಇಲ್ಲದಿದ್ದರೆ ಬೇರೆ ವ್ಯಾನಿನವರಿಗೆ ಹೇಳುತ್ತೇವೆ ಎಂದೂ ಹೇಳಿದರು. ಅಲ್ಲಿಯವರೆಗೆ ನಿರಂಜನ್ ಗೊಬ್ಬರದಂಗಡಿಯ ಕೆಲಸಕ್ಕೆ ರಜೆ ಹಾಕಿ ವ್ಯಾನ್ ಹತ್ತಿದ. ತಿರುವಿನಲ್ಲಿ ಅವನು ಬ್ರೇಕ್ ಹಾಕುವ ರೀತಿಗೆ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಒಂದು ಮನೆಯವರು ಮಗುವನ್ನು ಬಿಡಿಸಿದರು, ಆಮೇಲೆ ಇನ್ನೊಂದು ಮನೆಯವರು.

ಪ್ರಸಾದ್ ಮನೆಯಲ್ಲೇ ಇದ್ದ. ಅವನು ಇದ್ದಲ್ಲೆಲ್ಲ ಅಡ್ಡವಾಗುತ್ತಿತ್ತು. ಸೌದೆ ಒಡೆದ. ನೀರಿನ ಟ್ಯಾಂಕು ತೊಳೆದ. ಕೆಲಸ ಮುಗಿದ ಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಇನ್ನೇನು ಮಾಡಲಿ ಎಂದು ಕೇಳಿದ.

"ಈರುಳ್ಳಿ ಸುಲಿ" ಎಂದರು ತಾಯಿ.

ಅವನು ಒಂದನ್ನು ಸುಲಿದಿಡುವಷ್ಟರಲ್ಲಿ ಅವರೇ, "ಕೆಮ್ಮು ಹೋಯ್ತೇನೋ?" ಎಂದು ಕೇಳಿದರು.

"ಯಾವ ಕೆಮ್ಮು?" ಎಂದ. ಆಮೇಲೆ, "ಹ್ಞಾ, ಹೋಯ್ತು" ಎಂದ.

ಸಂಜೆ ವೀಣಾ ಕೆಲಸದಿಂದ ಬಂದು ಸೆರಗು ಸಿಕ್ಕಿಸಿಕೊಂಡು ಹಿಟ್ಟು ಕಲಸಲು ಕೂತಾಗ ವಿಶಾಲಾಕ್ಷಮ್ಮ ಕೇಳಿದರು. "ನಿಮ್ಮ ಅಂಗಡೀಲೂ ಅರಿಷ್ಟ ಮಾರ್ತಾರಲ್ಲ, ಅದನ್ನ ಕುಡಿದೋರೆಲ್ಲ ಹಿಂಗೇ ಸಿಕ್ಕಿಬೀಳ್ತಾರಾ?"

ವೀಣಾ ಹಿಟ್ಟಿಗೆ ಸ್ವಲ್ಪ ಬಿಸಿನೀರು ಹಾಕಿದಳು. "ಮಕ್ಕಳಿಗೂ ಕೊಡ್ತೀವಿ ಅತ್ತೆ."

"ಮನೇಲಿ ಮಾಡಿದ್ದು ಜೋರಿರುತ್ತೆ."

"ಇರಬಹುದು."

"ಬೆಳಿಗ್ಗೆ ಕೊಟ್ಟಿದ್ದು ಸಂಜೆ ತನಕ ಬಾಯಲ್ಲಿರುತ್ತೇನೆ?"

ವೀಣಾ ರೊಟ್ಟಿಯ ಮೊದಲ ಉಂಡೆ ತಟ್ಟತೊಡಗಿದಳು.

ಚಳಿಗೆ ಐಶ್ವರ್ಯಳಿಗೂ ಕೆಮ್ಮು ಬಂತು. ವಿಶಾಲಾಕ್ಷಮ್ಮ ಬಾಟಲಿ ತೆಗೆದು ಚಮಚಕ್ಕೆ ಬಗ್ಗಿಸಿ, "ಬಾ ಪುಟ್ಟಿ, ಕಣ್ಣು ಮುಚ್ಚಿ ನುಂಗು" ಎಂದರು. ಹುಡುಗಿ ಹತ್ತಿರ ಬಂದು ಚಮಚವನ್ನು ಮೂಸಿದಳು. ಬಾಗಿಲಲ್ಲಿ ಈರುಳ್ಳಿ ಸುಲಿಯುತ್ತಿದ್ದ ಅಪ್ಪನನ್ನು ನೋಡಿದಳು. ಮತ್ತೊಮ್ಮೆ ಮೂಸಿದಳು.

"ಬೇಡ."

"ಯಾಕೆ? ಸಿಹಿಯಾಗೇ ಇದೆ. ಹೋದ ವರ್ಷ ಕದ್ದು ಕುಡಿದೋಳು ನೀನು."

"ಬೇಡ ಅಜ್ಜಿ."

"ಕೆಮ್ಮಿ ಕೆಮ್ಮಿ ಸಾಯ್ತೀಯಾ? ನೋಡೋ ಪ್ರಸಾದ, ನಿನ್ನ ಮಗಳ ಹಟ."

"ಬಿಡಮ್ಮ" ಎಂದ ಪ್ರಸಾದ್, ತಲೆ ಎತ್ತದೆ.

ಚಮಚದಲ್ಲಿದ್ದುದನ್ನು ಚೆಲ್ಲಲು ಮನಸ್ಸು ಬಾರದೆ ವಿಶಾಲಾಕ್ಷಮ್ಮ ತಾವೇ ನುಂಗಿದರು. ನಾಲಗೆಗೆ ಬೆಲ್ಲ, ಲವಂಗ. ಯಾವತ್ತಿನದೇ ರುಚಿ.

ಶನಿವಾರ ಬೋಜಪ್ಪ ಬಂದ. ತೋಟದ ಕಿತ್ತಳೆ ಒಂದು ಚೀಲ ತಂದಿದ್ದ. ಪ್ರಸಾದ್ ಮನೆಯಲ್ಲಿರಲಿಲ್ಲ, ಹಿಟ್ಟಿನ ಗಿರಣಿಗೆ ಹೋಗಿದ್ದ. ಮಲ್ಲಪ್ಪನವರು ಬೋಜಪ್ಪನನ್ನು ಕಂಡು "ಬನ್ನಿ" ಎಂದವರೇ, ಹಸುವಿಗೆ ಹುಲ್ಲು ಹಾಕಬೇಕೆಂದು ಕೊಟ್ಟಿಗೆಗೆ ಹೊರಟುಹೋದರು. ವಿಶಾಲಾಕ್ಷಮ್ಮ ಕಾಫಿ ತಂದಿಟ್ಟರು.

ಬೋಜಪ್ಪ ಲೋಟ ಮುಟ್ಟಲಿಲ್ಲ. "ಅಮ್ಮ, ನಿಮ್ಮ ಮುಖ ನೋಡೋಕೆ ನನಗೆ ಆಗ್ತಿಲ್ಲ."

"ಮಗಳ ಮದುವೆ ಯಾವಾಗ ಇಟ್ಕೊಂಡಿರಿ?"

"ಏಪ್ರಿಲ್ಲಲ್ಲಿ. ಅಮ್ಮ, ನಿಮ್ಮವರು ಬರ್ತಾರೆ ಅಂತ ನಾನು ಬೇರೆ ಪಂಕ್ತಿ ಹಾಕಿಸಿದ್ದೆ. ಬೇರೆ ಅಡುಗೆಯವರು, ಬೇರೆ ಪಾತ್ರೆ. ಪ್ರಸಾದ್ ಅಲ್ಲೇ ಕೂತು ಊಟ ಮಾಡಿದ. ಆಮೇಲೆ ನಮ್ಮ ಹುಡುಗರು ಎಳ್ಕೊಂಡು ಹೋದ್ರು. ನಮ್ಮ ಮನೇಲಿ ಅದೆಲ್ಲ ಸಾಮಾನ್ಯ ಅಲ್ವಾ, ಕೊಡದೆ ಕಳಿಸಿದ್ರೇ ತಪ್ಪು. ಒಂದೇ ಅಂತ ಶುರು ಮಾಡಿದ್ರು. ನಾನು ತಡೀಬೇಕಿತ್ತು. ಮಗು ಬೇರೆ ಜೊತೆಗಿತ್ತು."

"ಕಾಫಿ ಆರುತ್ತೆ ಬೋಜಪ್ಪ."

"ಪ್ರಸಾದ್ ಮೊದಲೂ ಒಂದೆರಡು ಸಲ..."

"ಸಕ್ಕರೆ ಸಾಕಾ? ನೋಡಿ."

ಬೋಜಪ್ಪ ಅವರ ಮುಖ ನೋಡಿದ. ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದ. "ಸಾಕಮ್ಮ, ಸರಿಯಾಗಿದೆ" ಎಂದು ಎದ್ದ. ಅಂಗಳದಲ್ಲಿ ಐಶ್ವರ್ಯ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದಳು. ಅವಳ ತಲೆ ಸವರಲು ಕೈ ಚಾಚಿದ. ಅವಳು ಒಂದು ಮನೆ ಹಿಂದಕ್ಕೆ ಹಾರಿದಳು.

ವಿಶಾಲಾಕ್ಷಮ್ಮ ಕಿತ್ತಳೆಗಳನ್ನು ಬುಟ್ಟಿಗೆ ಸುರಿದರು. ಕೊಳೆತದ್ದೊಂದನ್ನು ಆರಿಸಿ ತಿಪ್ಪೆಗೆಸೆದರು. ಮಲ್ಲಪ್ಪನವರು ಕೊಟ್ಟಿಗೆಯಿಂದ ಬಂದು, "ಏನಂದ?" ಎಂದು ಕೇಳಿದರು.

"ಏಪ್ರಿಲ್ಲಲ್ಲಿ ಮದುವೆಯಂತೆ."

"ಓಹೋ."

ಮಲ್ಲಪ್ಪನವರು ಅರಳಿಕಟ್ಟೆಗೆ ಹೋಗುವುದನ್ನು ಬಿಟ್ಟು ಎರಡು ವಾರವಾಗಿತ್ತು. ಮಧ್ಯಾಹ್ನ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಮಲಗಿದವರ ಬೆನ್ನಿಗೆ ಹೊದಿಕೆ ಎಳೆದು ವಿಶಾಲಾಕ್ಷಮ್ಮ ಸ್ವಲ್ಪ ಹೊತ್ತು ಅಲ್ಲೇ ನಿಂತರು. ಆಮೇಲೆ ಪಾತ್ರೆ ತೊಳೆಯಲು ಹೋದರು.

ಮುಂದಿನ ಸಲ ಬಂದಾಗ ಕೀರ್ತಿಕುಮಾರ್ ನೇರವಾಗಿ ಅಡುಗೆಮನೆಗೇ ಬಂದು ಮಣೆ ಎಳೆದುಕೊಂಡ.

"ದೊಡ್ಡಮ್ಮ, ಎರಡು ಚಮಚ ಅಂದ್ರೆ ಯಾರೂ ನಂಬಲ್ಲ. ಮಿಷಿನ್ ತೋರಿಸಿರೋದು ಜಾಸ್ತಿ. ಯಂತ್ರ ಸರಿ ಇತ್ತಾ ಅಂತ ನಾನು ಕೇಳ್ತೀನಿ, ಅದು ಒಂದು ಕಡೆ. ನೀವು ಒಂದು ಬಾಟ್ಲಿ ತುಂಬಿಸಿ ಕೈಗೆ ಕೊಟ್ಟೆ, ಕೆಮ್ಮು ಬಂದಾಗಲೆಲ್ಲ ಕುಡಿ ಅಂದೆ ಅಂತ ಹೇಳಬೇಕು. ಬರುವಾಗ ಗಾಡೀಲಿ ಅದನ್ನ ಕುಡಿದೆ ಅಂತ ಪ್ರಸಾದ ಹೇಳ್ತಾನೆ."

"ಬಾಟ್ಲಿ ಕೊಟ್ಟಿರಲಿಲ್ಲವಲ್ಲ."

"ಕೊಟ್ಟಿದ್ರಿ."

ವಿಶಾಲಾಕ್ಷಮ್ಮ ಒಲೆಯ ಉರಿ ಸಣ್ಣ ಮಾಡಿದರು. "ಪ್ರಮಾಣ ಮಾಡಿಸ್ತಾರಾ?"

"ಮಾಡಿಸ್ತಾರೆ."

"ಕರಡಿಗೆ ಮುಟ್ಟಿಯಾ?"

"ಇಲ್ಲ, ಬಾಯಲ್ಲಿ ಹೇಳಿದ್ರೆ ಸಾಕು."

"ಬಾಯಲ್ಲಾದ್ರೆ ಹೇಳಬಹುದು" ಎಂದರು.

ಅಂದಿನಿಂದ ಮನೆಯಲ್ಲಿ ಪಾಠ ಶುರುವಾಯಿತು. ನಿರಂಜನ್ ಸರ್ಕಾರಿ ವಕೀಲನಾದ. ಊಟಕ್ಕೆ ಕೂತಾಗ, ಬಟ್ಟೆ ಒಣಗಿಸುವಾಗ, ಹಸು ಕರೆಯುವಾಗ ಅವನು ಥಟ್ಟನೆ ಪ್ರಶ್ನೆ ಎಸೆಯುತ್ತಿದ್ದ.

"ವಿಶಾಲಾಕ್ಷಮ್ಮನವರೇ, ಬಾಟ್ಲಿ ಯಾವ ಬಣ್ಣದ್ದು?"

"ಕಂದು."

"ಯಾವ ಕೈಯಲ್ಲಿ ಕೊಟ್ರಿ?"

"ಬಲಗೈಯಲ್ಲಿ ಕಣೋ, ಎಡಗೈಯಲ್ಲಿ ಔಷಧಿ ಕೊಡ್ತಾರಾ?"

"ನ್ಯಾಯಾಲಯದಲ್ಲಿ ಕಣೋ ಅನ್ನಬಾರದು. ನಿಮ್ಮ ಮಗ ಮದ್ಯಪಾನ ಮಾಡ್ತಾನೆ ಅನ್ನೋದು ಸತ್ಯ ತಾನೇ?"

"ಸುಳ್ಳು."

"ನಿಮ್ಮ ಜಾಡೀಲಿರೋದನ್ನೇ ಮಡಿಕೇರೀಲಿ ಟೂರಿಸ್ಟ್‌ಗಳಿಗೆ ವೈನ್ ಅಂತ ಮಾರೋದು, ಗೊತ್ತಾ?"

"ಬಾಯಿ ಮುಚ್ಚು ಮೂಳ, ನಿಮ್ಮಪ್ಪ ದಿನಾ ಕುಡಿಯೋದು ಅದನ್ನೇ."

ಮಲ್ಲಪ್ಪನವರು ಕೂಡ ನಕ್ಕರು. ನಗದೆ ಇದ್ದವಳು ವೀಣಾ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅತ್ತೆ ಹಿಂದೆಯೇ ಹೋದರು.

"ಏನೇ ನಿಂದು? ನಿನ್ನ ಗಂಡನಿಗೋಸ್ಕರ ತಾನೇ ನಾನು ಈ ವಯಸ್ಸಲ್ಲಿ ಕೋರ್ಟು ಹತ್ತುತ್ತಾ ಇರೋದು?"

"ನಾನೇನಾದ್ರೂ ಅಂದ್ನಾ ಅತ್ತೆ?"

"ಅನ್ನದೇ ಇರೋದೇ ಹೆಚ್ಚು ಕೇಳಿಸ್ತಿದೆ."

ವೀಣಾ ತಟ್ಟೆಯನ್ನು ಸಿಂಕಿಗೆ ಇಟ್ಟಳು. "ನೀವು ಹೇಳ್ತೀರ, ಅವರು ಗೆಲ್ತಾರೆ. ಮತ್ತೆ ವ್ಯಾನ್ ತುಂಬ ಮಕ್ಕಳನ್ನ ಕೂರಿಸ್ಕೊಂಡು ಆ ಘಾಟಿ ತಿರುವಲ್ಲಿ ಹೋಗ್ತಾರೆ. ಅದರಲ್ಲಿ ನಿಮ್ಮ ಮೊಮ್ಮಗಳೂ ಇರ್ತಾಳೆ. ಅವರು ಒಪ್ಕೋತೀನಿ ಅಂದಿದ್ರು. ಬಿಡಲಿಲ್ಲ ನೀವು."

"ಕುಡುಕನ ಹೆಂಡತಿ ಅನ್ನಿಸ್ಕೊಳ್ಳೋ ಆಸೆಯಾ ನಿನಗೆ?"

"ಅನ್ನಿಸ್ಕೊಳ್ಳೋದೇನು ಬಂತು" ಎಂದಳು ವೀಣಾ. "ಆ ಮಾತ್ರೆ ಕೊಡಿ, ಈ ಮಾತ್ರೆ ಕೊಡಿ, ವಾಸನೆ ಹೋಗೋಕೆ ಏನಾದ್ರೂ ಇದೆಯಾ ಅಂತ ಅಂಗಡಿಗೆ ಬರೋ ಗಂಡಸರನ್ನ ದಿನಾ ನೋಡ್ತೀನಿ. ಮನೆಗೆ ಬಂದ್ರೆ ಗೊತ್ತಾಗಲ್ವಾ?"

"ಮೆಲ್ಲಗೆ. ಮಗು ಕೇಳಿಸ್ಕೊಂಡೀತು."

ಐಶ್ವರ್ಯ ಅಡುಗೆಮನೆಯ ಬಾಗಿಲಲ್ಲೇ ಖಾಲಿ ಲೋಟ ಹಿಡಿದು ನಿಂತಿದ್ದಳು. ನೀರು ಬೇಕು ಎಂದಳು. ವಿಶಾಲಾಕ್ಷಮ್ಮ ಬಿಂದಿಗೆಯಿಂದ ಬಗ್ಗಿಸಿ ಕೊಟ್ಟರು. ಅವಳು ಅಲ್ಲೇ ನಿಂತು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಸಾಕ್ಷಿಯ ದಿನ ಬಂತು. ಹೊರಡುವುದು ಹತ್ತು ಗಂಟೆಗೆ. ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಾಗೇ ಬಿಟ್ಟರೆ ಹುಳಿಯಾಗುತ್ತದೆಂದು ವಿಶಾಲಾಕ್ಷಮ್ಮ ಜಗಲಿಯಲ್ಲಿ ಪಾತ್ರೆ ಇಟ್ಟುಕೊಂಡು ಹಿದುಕಲು ಕೂತರು. ಪೂಜೆ ಮುಗಿದಿತ್ತು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ ಉಟ್ಟಿದ್ದರಿಂದ ಮಡಿಲಲ್ಲಿ ಹಳೆಯ ಟವೆಲ್ ಹಾಸಿಕೊಂಡಿದ್ದರು. ಶಾಲೆಗೆ ರಜೆಯಿದ್ದ ಐಶ್ವರ್ಯ ಎದುರಿಗೆ ಕೂತು ತಾನೂ ಹಿದುಕುತ್ತಿದ್ದಳು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು.

ಪ್ರಸಾದ್ ಅಂಗಳದ ಕಂಬಕ್ಕೆ ಕನ್ನಡಿ ಸಿಕ್ಕಿಸಿ ಗಡ್ಡ ಮಾಡಿಕೊಳ್ಳುತ್ತಿದ್ದ. ಮಲ್ಲಪ್ಪನವರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ತುಂಬ ದಿನದ ಮೇಲೆ ಬೀದಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದರು. ಒಳಗೆ ವೀಣಾ ಬುತ್ತಿ ಕಟ್ಟುತ್ತಿದ್ದಳು. ನಿರಂಜನ್ ವ್ಯಾನಿಗೆ ಡೀಸೆಲ್ ಹಾಕಿಸಲು ಹೋಗಿದ್ದ.

"ಈ ನಿರಂಜನ ಹೊತ್ತಿಗೆ ಸರಿಯಾಗಿ ಇರಲ್ಲ. ಕೊನೇದೊಂದು ಸಲ ಕೇಳಿಬಿಟ್ಟಿದ್ರೆ ನನಗೆ ಧೈರ್ಯ ಇರ್ತಿತ್ತು" ಎಂದರು ವಿಶಾಲಾಕ್ಷಮ್ಮ. "ಐಶು, ನೀನೇ ಕೇಳೇ. ನಿನಗೆಲ್ಲ ಬಾಯಿಪಾಠ ಆಗಿರುತ್ತೆ."

"ನಾನಾ?"

"ಹ್ಞೂಂ, ಜೋರಾಗಿ ಕೇಳು. ಸರ್ಕಾರಿ ವಕೀಲರ ಹಾಗೆ."

ಹುಡುಗಿ ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು. "ನಿಮ್ಮ ಹೆಸರೇನು?"

"ವಿಶಾಲಾಕ್ಷಮ್ಮ."

"ಆಪಾದಿತರು ನಿಮಗೇನಾಗಬೇಕು?"

"ಮಗ."

"ಅವರಿಗೆ ನೀವೇನು ಕೊಟ್ರಿ?"

"ಅರಿಷ್ಟ. ಮನೇಲೇ ಮಾಡಿದ್ದು. ಬಾಟ್ಲಿ ತುಂಬಿಸಿ ಕೈಗೆ ಕೊಟ್ಟೆ. ಕೆಮ್ಮು ಬಂದಾಗಲೆಲ್ಲ ಕುಡಿ ಅಂದೆ."

"ಚೆನ್ನಾಗಿ ಹೇಳ್ತಾಳೆ" ಎಂದರು ಮಲ್ಲಪ್ಪ, ಬೀದಿಯ ಕಡೆ ನೋಡುತ್ತಲೇ. ಚೆನ್ನಾಗಿ ಹೇಳಿದ್ದು ಹೆಂಡತಿಯೋ ಮೊಮ್ಮಗಳೋ ತಿಳಿಯಲಿಲ್ಲ.

"ಆಮೇಲೆ?" ಎಂದರು ವಿಶಾಲಾಕ್ಷಮ್ಮ. "ಗಾಡೀದು ಕೇಳು."

ಐಶ್ವರ್ಯ ಪಾತ್ರೆಯಿಂದ ಒಂದು ಕಾಳು ತೆಗೆದುಕೊಂಡಳು, ಒತ್ತದೆ ಹಿಡಿದುಕೊಂಡಳು.

"ಮರೆತೋಯ್ತಾ?"

"ಇಲ್ಲ."

"ಮತ್ತೆ ಕೇಳು. ಹೊತ್ತಾಗ್ತಿದೆ."

ಹುಡುಗಿ ಅಜ್ಜಿಯ ಮುಖ ನೋಡಿದಳು. ಸರ್ಕಾರಿ ವಕೀಲರ ದನಿ ಬಿಟ್ಟು ತನ್ನದೇ ದನಿಯಲ್ಲಿ, ಜಗಲಿಗೂ ಅಂಗಳಕ್ಕೂ ಅಡುಗೆಮನೆಗೂ ಕೇಳಿಸುವ ಹಾಗೆ ಕೇಳಿದಳು.

"ಅಜ್ಜಿ, ಅವತ್ತು ಅಪ್ಪನ ಜೊತೆ ಇದ್ದಿದ್ದು ನಾನು. ನನ್ನ ಕರೆದು ಕೇಳಿದ್ರೆ, ನಾನೂ ಅರಿಷ್ಟ ಅಂತಲೇ ಹೇಳ್ಬೇಕಾ?"